ಎಣ್ಣೆ ಸಾಲ ಸಿಗುವುದಿಲ್ಲ

ಬೆಳಿಗ್ಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬ ಗೆಳೆಯನಿಂದ ಮತ್ತೆ ಅದೇ. "ಮನಸ್ಸಿಗೆ ನೆಮ್ಮದಿ ಇಲ್ಲ, ಎಲ್ಲರೂ ನನಗಾಗಿ ಪ್ರಾರ್ಥಿಸಿ." ಕೆಳಗೆ ಸಾಲುಸಾಲು ಮುಗಿದ ಕೈಗಳು. ಸ್ವಲ್ಪ ಹೊತ್ತಿಗೆ ಗುಂಪು ಬೇರೆ ವಿಷಯಕ್ಕೆ ಹಾರಿತ್ತು.

ನನ್ನ ಬಾಯಿ ನಿಮಗೆ ಗೊತ್ತಲ್ಲ. ಆ ಗೆಳೆಯನಿಗೆ ಫೋನ್ ಮಾಡಿ, "ನೀನು ಪ್ರಾರ್ಥನೆ ಮಾಡಿದ್ಯಾ?" ಅಂತ ಕೇಳಿದೆ. "ನನಗೆಲ್ಲಿ ಟೈಮ್ ಮಾರಾಯ, ನೀವೆಲ್ಲ ಇದ್ದೀರಲ್ಲ" ಅಂದ. ಗುಂಪಿಗೆ ಟೈಪ್ ಮಾಡಲು ಮಾತ್ರ ಟೈಮ್ ಇತ್ತು! ಹಸಿವಾದರೆ ಪಕ್ಕದವರನ್ನು ಊಟಕ್ಕೆ ಕೂರಿಸುತ್ತೀವಾ?

ಬೈಬಲಿನ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಯೇಸು ಹೇಳುವ ಕಥೆಯ ಹತ್ತು ಕನ್ಯೆಯರನ್ನು ನೆನಪಿಸಿಕೊಳ್ಳಿ. ಹತ್ತೂ ಜನರ ಕೈಯಲ್ಲಿ ದೀಪ ಇತ್ತು. ಮದಲಿಂಗ ಬರುವುದು ತಡವಾದಾಗ ಹತ್ತೂ ಜನ ತೂಕಡಿಸಿ ನಿದ್ದೆ ಹೋದರು. ನಿದ್ದೆಗಾಗಿ ಯಾರಿಗೂ ಬೈಗುಳ ಬೀಳಲಿಲ್ಲ, ಗಮನಿಸಿ. ವ್ಯತ್ಯಾಸ ಇದ್ದದ್ದು ಎಣ್ಣೆಯಲ್ಲಿ. ಐವರು ಬುದ್ಧಿವಂತೆಯರು ದೀಪದ ಜೊತೆ ಬೇರೆ ಎಣ್ಣೆಯನ್ನೂ ತಂದಿದ್ದರು, ಉಳಿದ ಐವರು ತಂದಿರಲಿಲ್ಲ. ಮಧ್ಯರಾತ್ರಿ ಮದಲಿಂಗ ಬಂದ ಅನ್ನುವ ಕೂಗು ಕೇಳಿದಾಗ, ತರದ ಐವರು ತಂದವರ ಹತ್ತಿರ ಎಣ್ಣೆ ಕೇಳಿದರು, ಸಿಗಲಿಲ್ಲ. ಚಿಕ್ಕಂದಿನಲ್ಲಿ ನನಗೆ ಆ ಬುದ್ಧಿವಂತೆಯರ ಮೇಲೆ ಸಿಟ್ಟು ಬರುತ್ತಿತ್ತು, ಎಂಥ ಜಿಪುಣಿಯರಪ್ಪ ಅಂತ. ಆದರೆ ಒಬ್ಬರು ದೇವರ ಜೊತೆ ಕಳೆದ ಹೊತ್ತನ್ನು ಇನ್ನೊಬ್ಬರ ದೀಪಕ್ಕೆ ಸುರಿಯಲು ಆಗುತ್ತದಾ?

ಈಗ ಯಾರಾದರೂ ಬೈಬಲಿನಲ್ಲಿರುವ ಯಾಕೋಬನ ಪತ್ರಿಕೆ, ಅಂದರೆ ಅವನ ಪತ್ರ, ತೆಗೆಯುತ್ತೀರಿ. ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿ ಅಂತ ಅಲ್ಲಿದೆ, 5ನೇ ಅಧ್ಯಾಯ, 16ನೇ ವಚನ. ಸರಿ ಸ್ವಾಮಿ, ಇದೆ. ಮೂರು ವಚನ ಹಿಂದಕ್ಕೂ ಹೋಗಿ. ಕಷ್ಟದಲ್ಲಿರುವವನು ತಾನೇ ಪ್ರಾರ್ಥಿಸಲಿ ಅಂತ 13ರಲ್ಲಿದೆ. ಸಭೆಯ, ಅಂದರೆ ಚರ್ಚಿನ, ಹಿರಿಯರನ್ನು ಕರೆಸುವ ಮಾತು 14ರಲ್ಲಿ ಬರುತ್ತದೆ, ಅದೂ ಕಾಯಿಲೆ ಬಿದ್ದವನಿಗೆ. ನಾವು ಮಾತ್ರ 13ನ್ನು ಹಾರಿಸಿ ನೇರ 16ಕ್ಕೆ ಇಳಿಯುತ್ತೇವೆ.

ಯೇಸು ಕೂಡ, ತನ್ನನ್ನು ಹಿಡಿದುಕೊಂಡು ಹೋದ ರಾತ್ರಿ, ಗೆತ್ಸೇಮನೆ ಎಂಬ ತೋಟದಲ್ಲಿ ಜೊತೆಗಿದ್ದ ಮೂವರು ಶಿಷ್ಯರಿಗೆ ಎಚ್ಚರವಾಗಿರಿ ಅಂದ. ಅವರು ನಿದ್ದೆ ಮಾಡಿದರು. ಅವರಿಗೆ ಒಪ್ಪಿಸಿದ್ದೇನಲ್ಲ ಅಂತ ಆತ ಸುಮ್ನೆ ಕೂರಲಿಲ್ಲ. ಸ್ವಲ್ಪ ದೂರ ಹೋಗಿ, ನೆಲಕ್ಕೆ ಬಿದ್ದು, ತಾನೇ ಪ್ರಾರ್ಥಿಸಿದ. ಒಂದಲ್ಲ, ಮೂರು ಸಲ.

"ನಿನಗೆ ಪ್ರಾರ್ಥನೆ ಚೆನ್ನಾಗಿ ಬರುತ್ತೆ, ನಮಗೆ ಬರಲ್ಲ" ಅನ್ನುವವರಿದ್ದಾರೆ. ಬರುತ್ತಾ? ಕಣ್ಣು ಮುಚ್ಚಿದರೆ ನನಗೆ ಕಟ್ಟದ ಬಿಲ್ಲುಗಳೇ ಕಾಣುತ್ತವೆ. ಎಷ್ಟೋ ದಿನ ಬೇಜಾರು. ದೇವರು ಇನ್ನೊಂದು ಕಡೆಯಿಂದ ಫೋನ್ ಇಟ್ಟುಬಿಟ್ಟಿದ್ದಾನೆ ಅನ್ನಿಸುವ ದಿನಗಳೂ ಇವೆ. ಆದರೂ ಬಾಗಿಲು ಹಾಕಿಕೊಂಡು ಕೂರುತ್ತೇನೆ. ಏನೂ ಹೊಳೆಯದಿದ್ದರೆ ಬೈಬಲಿನ 13ನೇ ಕೀರ್ತನೆ ಗಟ್ಟಿಯಾಗಿ ಓದುತ್ತೇನೆ. ನನ್ನನ್ನು ಮರೆತೇ ಬಿಟ್ಟೆಯಾ ಅಂತ ದೇವರನ್ನು ತರಾಟೆಗೆ ತೆಗೆದುಕೊಳ್ಳುವುದರಿಂದಲೇ ಅದು ಶುರುವಾಗುತ್ತದೆ. "ಯಾರ ಜೊತೆ ಜಗಳ?" ಅಂತ ಮನೆಯವರು ಹೊರಗಿನಿಂದ ಕೇಳಿದ್ದೂ ಉಂಟು.