ತಣ್ಣೀರಿನಿಂದ ರಕ್ತನಾಳ ಒಡೆಯುವುದಿಲ್ಲ

‘ಬಿಸಿಲಿನಿಂದ ಬಂದ ತಕ್ಷಣ ತಣ್ಣೀರು ಕುಡಿಯಬೇಡಿ, ಮೈಗೆ ಸೋಕಿಸಲೂ ಬೇಡಿ, ರಕ್ತನಾಳ ಒಡೆಯುತ್ತದೆ’ ಎನ್ನುವ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿರುತ್ತದೆ. ಇದು ನಿಜವಲ್ಲ. ತಂಪು ತಾಗಿದರೆ ಚರ್ಮದ ರಕ್ತನಾಳಗಳು ಕುಗ್ಗುತ್ತವೆ, ಅಷ್ಟೇ.

ಈ ಮಾತು ನಂಬಿ ಜನ ಕೈಕಟ್ಟಿ ನಿಂತುಬಿಡುತ್ತಾರಲ್ಲ, ನನ್ನ ಆತಂಕ ಅದು. ದೇಹದ ಒಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿ, ಮಾತು ತೊದಲಿ, ಗೊಂದಲ ಶುರುವಾದರೆ ಅದು ಹೀಟ್ ಸ್ಟ್ರೋಕ್. ಬೆವರು ನಿಂತೇ ಇರಬೇಕೆಂದಿಲ್ಲ. ಬಿಸಿಲಲ್ಲಿ ದುಡಿಯುವವರು, ಓಡುವವರು ಬೆವರುತ್ತಲೇ ಕುಸಿಯಬಹುದು. ಆಂಬುಲೆನ್ಸ್‌ಗೆ ಕರೆ ಮಾಡಿ, ಕಾಯುವಾಗಲೇ ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಿ. ತಡವಾದಷ್ಟೂ ಮಿದುಳಿಗೆ ಪೆಟ್ಟು. ಪ್ರಜ್ಞೆ ಮಸುಕಾದವರ ಬಾಯಿಗೆ ಮಾತ್ರ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಇಳಿದೀತು. ಪ್ಯಾರಸಿಟಮಾಲ್ ಕೂಡ ಇಲ್ಲಿ ಕೆಲಸ ಮಾಡದು: ಇದು ಜ್ವರವಲ್ಲ.