ತಲೆಯಾಡಿಸುವವನಿಗೆ ಒಂದು ಮನೆ ಬೇಕಾಗಿದೆ

“ಅದು ಪೂರ್ತಿ ಸರಿಹೋದ ಮೇಲೆ ಒಂದು ಫೋನ್ ಮಾಡಿ ಮೇಡಂ, ಖಂಡಿತ ಬಂದು ಕರೆದುಕೊಂಡು ಹೋಗ್ತೇವೆ” ಎಂದು ಈ ಬೆಳಿಗ್ಗೆ ಒಬ್ಬರು ಬಹಳ ಔದಾರ್ಯದಿಂದ ಹೇಳಿದರು. ವಿಶೇಷ ಆರೈಕೆ ಬೇಕಾದ ನಾಯಿಯೊಂದಕ್ಕೆ ಪ್ರೀತಿಯ ಮನೆ ಬೇಕಾಗಿದೆ ಎಂದು ನಾನು ಬರೆದು ಹಂಚಿದ ಪ್ರಕಟಣೆಯ ಎರಡನೆಯ ಸಾಲಿನಲ್ಲಿಯೇ ‘ಈ ತೊಂದರೆ ಅವನು ಬದುಕಿರುವವರೆಗೂ ಇರುತ್ತದೆ’ ಎಂಬ ವಾಕ್ಯವಿದೆ. ಅದನ್ನು ಓದಿದಿರಾ ಎಂದು ಕೇಳಿದೆ. ಓದಿದೆವು, ಓದಿ ಮನಸ್ಸಿಗೆ ತುಂಬ ಬೇಜಾರಾಯಿತು, ಅದಕ್ಕೇ ಫೋನ್ ಮಾಡಿದ್ದು ಎಂದರು. ಹಾಗಾದರೆ ಈ ಸರಿಹೋಗುವ ಮಾತು ಎಲ್ಲಿಂದ ಬಂತು ಎಂದು ನಾನು ಕೇಳುವಷ್ಟರಲ್ಲಿ, ರಿಪೇರಿಗೆ ಕೊಟ್ಟ ಫ್ಯಾನಿನ ಬಗ್ಗೆ ವಿಚಾರಿಸುವ ಧಾಟಿಯಲ್ಲಿ “ಅಂದಾಜು ಯಾವಾಗ ಆಗಬಹುದು?” ಎಂದರು. ನನ್ನ ಕಾಲ ಬಳಿಯೇ ಕುಳಿತಿದ್ದ ಗುಂಡ ಆ ಪ್ರಶ್ನೆಗೂ ಹೌದು ಹೌದು ಎಂದು ತಲೆಯಾಡಿಸುತ್ತಿದ್ದ.

ಅದೇ ಅವನ ತೊಂದರೆ. ಮರಿಯಾಗಿದ್ದಾಗ ಡಿಸ್ಟೆಂಪರ್ ಎಂಬ, ನಾಯಿಗಳಿಗೆ ತಗಲುವ ವೈರಾಣು ರೋಗ ಬಂದು ರಸ್ತೆಬದಿಯಲ್ಲಿ ಬಿದ್ದಿದ್ದವನನ್ನು ಯಾರೋ ಎತ್ತಿ ತಂದರು. ಇವನು ಉಳಿಯುವುದಿಲ್ಲ ಎಂದು ಎಲ್ಲರೂ ತೀರ್ಮಾನಿಸಿದ ಮೇಲೆ ಅವನು ಉಳಿದುಕೊಂಡ. ಆ ರೋಗದ ವೈರಾಣುವನ್ನು ನೇರವಾಗಿ ಕೊಲ್ಲುವ ಔಷಧವಿಲ್ಲ. ಡ್ರಿಪ್ ಹಾಕಿ, ತುತ್ತು ತಿನ್ನಿಸಿ, ಅದರ ಬೆನ್ನಿಗೆ ಇನ್ನೊಂದು ಸೋಂಕು ಹತ್ತದಂತೆ ನೋಡಿಕೊಂಡು, ಉಳಿದದ್ದನ್ನು ನಾಯಿಯ ದೇಹಕ್ಕೇ ಬಿಡಬೇಕು. ಗೆದ್ದು ಬಂದವುಗಳಲ್ಲಿ ಕೆಲವಕ್ಕೆ ನರಮಂಡಲದಲ್ಲಿ ಅದರ ಗುರುತು ಉಳಿದುಬಿಡುತ್ತದೆ. ಒಂದಕ್ಕೆ ಕಾಲು ಸೆಳೆಯುತ್ತದೆ, ಇನ್ನೊಂದಕ್ಕೆ ದವಡೆ ಅದುರುತ್ತದೆ, ಗುಂಡನ ಪಾಲಿಗೆ ಬಂದದ್ದು ಕುತ್ತಿಗೆ. ಎಚ್ಚರವಿದ್ದಾಗಲೂ ನಿದ್ದೆಯಲ್ಲಿಯೂ ಅವನ ತಲೆ ಒಂದೇ ಲಯದಲ್ಲಿ ಮೇಲೆ ಕೆಳಗೆ ಆಡುತ್ತಿರುತ್ತದೆ. ಅವನಿಗೆ ಅದರಿಂದ ನೋವಿಲ್ಲ ಎಂದು ನಮ್ಮ ಪಶುವೈದ್ಯರು ಹೇಳಿದ್ದಾರೆ. ಶಾಶ್ವತ ಹಲ್ಲುಗಳು ಮೂಡುವ ಮೊದಲೇ ರೋಗ ತಗಲಿದ್ದರಿಂದ ಎನಾಮಲ್ ಅಲ್ಲಲ್ಲಿ ಎದ್ದುಹೋಗಿ, ತಾರುಣ್ಯದಲ್ಲಿಯೇ ಅಜ್ಜನ ಹಲ್ಲುಗಳು ಬಂದಿವೆ. ಹೆಸರು ಗುಂಡ, ಆಕಾರ ಕಡ್ಡಿ. ಇಷ್ಟು ಬಿಟ್ಟರೆ ಅವನು ಎಲ್ಲ ನಾಯಿಗಳಂತೆಯೇ ತಿನ್ನುತ್ತಾನೆ, ಓಡುತ್ತಾನೆ, ಗೇಟಿನ ಸದ್ದಿಗೆ ಬೊಗಳುತ್ತಾನೆ. ಬೊಗಳುವಾಗಲೂ ತಲೆಯಾಡುವುದರಿಂದ ಬೈಗುಳಕ್ಕೆ ತಾನೇ ಸಮ್ಮತಿ ಸೂಚಿಸಿದಂತೆ ಕಾಣುತ್ತದೆ.

ಆ ವೈರಾಣು ಮನುಷ್ಯರ ದಡಾರದ ವೈರಾಣುವಿನ ಹತ್ತಿರದ ಬಂಧು ಎಂಬ ಮಾಹಿತಿಯನ್ನೂ ಪ್ರಕಟಣೆಯಲ್ಲಿ ಸೇರಿಸಿದ್ದೆ. ಓದುವವರ ಜ್ಞಾನ ಹೆಚ್ಚಲಿ ಎಂಬುದು ನನ್ನ ಆಸೆ, ಹೆಚ್ಚಿದ್ದು ಭಯ. ಡಿಸ್ಟೆಂಪರ್ ಮನುಷ್ಯರಿಗೆ ಕಾಯಿಲೆ ತರುವುದಿಲ್ಲ, ಗುಣವಾದ ನಾಯಿಯೂ ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ಮಾತ್ರ ವೈರಾಣುವನ್ನು ಹೊರಹಾಕಬಹುದು, ಗುಂಡ ಆ ಗಡುವು ದಾಟಿ ಬಹಳ ಕಾಲವಾಯಿತು ಎಂದು ವಿವರಿಸುವುದೇ ನನ್ನ ಸಂಜೆಯ ಕೆಲಸವಾಯಿತು. ಹೀಗೆ ಗಾಬರಿಯಾಗಿದ್ದ ಒಬ್ಬರಿಗೆ ಸಮಾಧಾನ ಹೇಳುವ ಉತ್ಸಾಹದಲ್ಲಿ, ದನಕರುಗಳ ರಿಂಡರ್‌ಪೆಸ್ಟ್ ಕೂಡ ಇದೇ ಕುಟುಂಬದ ರೋಗ, ಅದು ಜಗತ್ತಿನಿಂದಲೇ ನಿರ್ಮೂಲವಾಗಿದೆ ಎಂದು 2011ರಲ್ಲಿಯೇ ಘೋಷಿಸಿದ್ದಾರೆ ಎಂದೆ. “ಹೌದಾ? ಹಾಗಾದ್ರೆ ಇದನ್ನೂ ನಿರ್ಮೂಲ ಮಾಡ್ಲಿ, ಆಮೇಲೆ ನೋಡೋಣ” ಎಂದು ಅವರು ಫೋನ್ ಇಟ್ಟರು.

ನನಗೆ ಬರುವ ಕರೆಗಳಿಗೆಲ್ಲ ಒಂದೇ ನಡಿಗೆ. ಮೊದಲು ‘ಅಯ್ಯೋ ಪಾಪ’ ಬರುತ್ತದೆ, ಅದರ ಉದ್ದ ಆಯಾ ಮನುಷ್ಯರ ಉಸಿರಿಗೆ ಬಿಟ್ಟದ್ದು. ಆಮೇಲೆ ನನ್ನ ಹೊಗಳಿಕೆ. ನಿಮ್ಮಂಥವರು ಇರುವುದರಿಂದಲೇ ಮಳೆ ಬೆಳೆ ಆಗುತ್ತಿದೆ ಎಂದು ಎಷ್ಟು ಜನ ಹೇಳಿದ್ದಾರೆಂದರೆ, ಮೋಡ ಕಟ್ಟದಿದ್ದರೆ ಈಗ ನನಗೇ ಸಂಕೋಚವಾಗುತ್ತದೆ. ಮೂರನೆಯದಾಗಿ ‘ನಮಗೂ ಆಸೆಯಿತ್ತು, ಆದರೆ’ ಎಂಬ ಭಾಗ. ಅತ್ತೆಯವರಿಗೆ ಕೂದಲು ಆಗುವುದಿಲ್ಲ, ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ, ಮಗನಿಗೆ ಪರೀಕ್ಷೆ ಇದೆ. ಇವೆಲ್ಲ ನ್ಯಾಯವಾದ ಕಾರಣಗಳೇ. ಯಾರೂ ನಾಯಿ ಸಾಕಲೇಬೇಕೆಂಬ ನಿಯಮವೇನೂ ಇಲ್ಲ. ಆದರೆ ಸಾಕಲಾಗದು ಎಂದು ತಿಳಿಸುವುದಕ್ಕೋಸ್ಕರ ಊಟದ ಹೊತ್ತಿನಲ್ಲಿ ಫೋನ್ ಮಾಡಿ, ನನ್ನ ತಟ್ಟೆ ಆರುವವರೆಗೂ ಕರುಣೆಯಿಂದ ಮಾತನಾಡಿ, ಕೊನೆಗೆ “ಯಾರಾದರೂ ಸಿಕ್ಕರೆ ನಮಗೂ ತಿಳಿಸಿ, ಮನಸ್ಸಿಗೆ ನೆಮ್ಮದಿ” ಎಂದು ಹೇಳುವ ಪದ್ಧತಿಯನ್ನು ಯಾರು ಆರಂಭಿಸಿದರೋ ತಿಳಿಯದು.

ವಿಶೇಷ ಆರೈಕೆಯ ನಾಯಿಗಳಲ್ಲಿಯೂ ಒಂದು ಶ್ರೇಣಿ ಇದೆ ಎಂಬುದು ಈ ಕೆಲಸಕ್ಕೆ ಇಳಿದ ಮೇಲೆಯೇ ನನಗೆ ಗೊತ್ತಾದದ್ದು. ಮೊದಲ ಸ್ಥಾನ ಮೂರು ಕಾಲಿನವರದು, ಏಕೆಂದರೆ ಅದು ಫೋಟೋದಲ್ಲಿ ಕಾಣುತ್ತದೆ. ವಾಸ್ತವದಲ್ಲಿ ನಾಯಿಯ ಭಾರದ ಶೇಕಡಾ 60ರಷ್ಟು ಮುಂಗಾಲುಗಳ ಮೇಲೆಯೇ ಇರುವುದರಿಂದ, ಹಿಂಗಾಲೊಂದನ್ನು ಕಳೆದುಕೊಂಡ ನಾಯಿ ಸ್ವಲ್ಪ ದಿನಗಳಲ್ಲಿಯೇ ತನ್ನ ಮೇಲೆ ಮರುಕಪಡುತ್ತಿರುವವರ ಚಪ್ಪಲಿ ಕಚ್ಚಿಕೊಂಡು ಓಡಲು ಕಲಿತಿರುತ್ತದೆ. ಎರಡನೆಯ ಸ್ಥಾನ ಒಕ್ಕಣ್ಣಿನವರಿಗೆ. ಕುರುಡು ನಾಯಿಗಳು ಮನೆಯ ನಕ್ಷೆಯನ್ನು ಮೂಗಿನಲ್ಲಿಯೂ ನೆನಪಿನಲ್ಲಿಯೂ ಇಟ್ಟುಕೊಂಡು ಸಲೀಸಾಗಿ ಓಡಾಡುತ್ತವೆ. ಸೋಫಾವನ್ನು ವಾರಕ್ಕೊಮ್ಮೆ ಜರುಗಿಸದೆ ಸುಮ್ಮನಿರುವ ಮನುಷ್ಯರು ಸಿಕ್ಕರೆ ಅವಕ್ಕೆ ಸಾಕು, ಅದೇ ಸಿಗುವುದಿಲ್ಲ. ಕಿವುಡು ನಾಯಿಗಳು ಕೈಸನ್ನೆ ಕಲಿಯುತ್ತವೆ, ಆದರೆ ಕಿವುಡು ಫೋಟೋದಲ್ಲಿ ಮೂಡುವುದಿಲ್ಲವಾದ್ದರಿಂದ ಜನ ನಂಬುವುದಿಲ್ಲ. ಕಟ್ಟಕಡೆಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲದವು. ಗಾಲಿಕುರ್ಚಿಯಲ್ಲಿ ಅವು ಓಡುವ ವಿಡಿಯೋಕ್ಕೆ ಕಣ್ಣೀರು ಹಾಕದವರಿಲ್ಲ. ದಿನಕ್ಕೆ ಹಲವು ಬಾರಿ ಹೊಟ್ಟೆಯ ಕೆಳಭಾಗವನ್ನು ಒತ್ತಿ ಮೂತ್ರ ತೆಗೆಸಬೇಕು ಎಂದ ಕೂಡಲೇ ಕಣ್ಣೀರು ಅಲ್ಲಿಯೇ ಒಣಗುತ್ತದೆ. ಈ ಶ್ರೇಣಿಯಲ್ಲಿ ಗುಂಡನಿಗೆ ಸ್ಥಾನವೇ ಇಲ್ಲ. ಫೋಟೋದಲ್ಲಿ ಅವನಿಗೆ ತೊಂದರೆಯೇ ಕಾಣುವುದಿಲ್ಲ, ಅಥವಾ ಎರಡು ತಲೆ ಕಾಣುತ್ತದೆ.

ಇನ್ನು ಗುಂಡನನ್ನು ನೋಡಲು ಮನೆಗೇ ಬಂದ ಒಬ್ಬ ಮಹನೀಯರ ವಿಷಯ. ನಿವೃತ್ತರು, ನೀಟಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪತ್ನಿಯೊಡನೆ, ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ನಾಯಿ ನೋಡಲು ಬಂದವರಲ್ಲಿ ಹೇಳಿದ ಹೊತ್ತಿಗೆ ಬರುವವರು ಅಪರೂಪವಾದ್ದರಿಂದ ನನ್ನ ಆಸೆ ಚಿಗುರಿತು. ಅವರಿಗೆ ಒಂದು ಅಭ್ಯಾಸವಿತ್ತು. ಯಾವುದೇ ಮಾತನ್ನು ಹೇಳಿ ಮುಗಿಸಿದ ಮೇಲೆ “ಸರಿ ತಾನೇ?” ಎಂದು ಎದುರಿನವರನ್ನು ಕೇಳುತ್ತಿದ್ದರು, ಸರಿ ಎಂಬ ಉತ್ತರ ಬಾರದೆ ಮುಂದಿನ ವಾಕ್ಯಕ್ಕೆ ಹೋಗುತ್ತಿರಲಿಲ್ಲ. ಕುರ್ಚಿಯಲ್ಲಿ ಕುಳಿತು, ನನ್ನನ್ನು ಬಿಟ್ಟು ನೇರವಾಗಿ ಗುಂಡನನ್ನೇ ಉದ್ದೇಶಿಸಿ ಮಾತು ಆರಂಭಿಸಿದರು.

“ನೋಡಪ್ಪಾ, ನಾಯಿ ಅಂದಮೇಲೆ ಮೊದಲು ಶಿಸ್ತು ಬೇಕು. ಸರಿ ತಾನೇ?” ಗುಂಡ ತಲೆಯಾಡಿಸಿದ. “ಬೆಳಿಗ್ಗೆ ಐದಕ್ಕೆ ಏಳಬೇಕು. ಸರಿ ತಾನೇ?” ತಲೆಯಾಡಿಸಿದ. “ಸೋಫಾ ಹತ್ತೋ ಹಾಗಿಲ್ಲ.” ಈ ಮಾತಿಗೆ ಅವರು ಪ್ರಶ್ನೆಯನ್ನೇ ಸೇರಿಸಿರಲಿಲ್ಲ, ಆದರೂ ಗುಂಡ ತಾನಾಗಿಯೇ ಒಪ್ಪಿದ. ಅವರ ಮುಖದಲ್ಲಿ ನಿಧಾನವಾಗಿ ಒಂದು ಬೆಳಕು ಹರಡಿತು. ಹೀಗೆ ಎದುರಾಡದೆ ತಮ್ಮ ಮಾತನ್ನು ಕೇಳುವ ಜೀವಕ್ಕಾಗಿ ಅವರು ಬಹುಕಾಲದಿಂದ ಕಾಯುತ್ತಿದ್ದಂತೆ ತೋರಿತು. ನಾಯಿಯ ವಿಷಯ ಬಿಟ್ಟು ಇಂದಿನ ಮಕ್ಕಳ ನಡವಳಿಕೆಗೆ ಹೋದರು, ಅಲ್ಲಿಂದ ತಾವು ಕೆಲಸ ಮಾಡಿದ ಕಚೇರಿಯಲ್ಲಿ ತಮ್ಮ ಸಲಹೆಯನ್ನು ಕಡೆಗಣಿಸಿದ್ದರಿಂದ ಆದ ಅನಾಹುತಗಳಿಗೆ ಹೋದರು. ಗುಂಡ ಎಲ್ಲದಕ್ಕೂ ಒಪ್ಪುತ್ತ ಬಂದ. ನಾನು ಮಧ್ಯೆ ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಅವರು ಕೈಯೆತ್ತಿ “ಇರಿ ಮೇಡಂ, ಅವನು ಕೇಳ್ತಾ ಇದ್ದಾನೆ” ಎಂದರು. ಕೊನೆಗೆ ಮೊಣಕಾಲಿನ ಮೇಲೆ ಕೈಯೂರಿ ಮುಂದಕ್ಕೆ ಬಾಗಿ, ಮದುವೆಯ ಮಾತುಕತೆಯಲ್ಲಿ ಹುಡುಗನನ್ನು ಕೇಳುವ ಗಾಂಭೀರ್ಯದಿಂದ, “ನಮ್ಮ ಮನೆಗೆ ಬರ್ತೀಯಾ?” ಎಂದರು. ಗುಂಡನ ಉತ್ತರ ತಮಗೆ ಗೊತ್ತೇ ಇದೆ.

ಚೀಲದಿಂದ ಹೊಸ ಕೊರಳಪಟ್ಟಿ ಹೊರಬಂತು. ಅಷ್ಟರಲ್ಲಿ ಉಪನ್ಯಾಸದ ಭಾರಕ್ಕೋ ಏನೋ, ಗುಂಡ ಅವರ ಪಾದದ ಮೇಲೆ ಗಲ್ಲವಿಟ್ಟು ನಿದ್ದೆಹೋದ. ನಿದ್ದೆಯಲ್ಲಿಯೂ ತಲೆ ಅದೇ ಲಯದಲ್ಲಿ ಆಡತೊಡಗಿತು. ಅವರು ಬಹಳ ಹೊತ್ತು ಅದನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಅಂದ್ರೆ ಇದು ನನ್ನ ಮಾತಿಗೆ ಅಲ್ವಾ?” ಎಂದು ತೀರ ಸಣ್ಣ ದನಿಯಲ್ಲಿ ಕೇಳಿದರು. ಪ್ರಕಟಣೆಯಲ್ಲಿ ಬರೆದದ್ದನ್ನೇ ನಾನು ಮತ್ತೊಮ್ಮೆ ವಿವರಿಸಿದೆ. ಅಲ್ಲಿಯವರೆಗೆ ಒಂದು ಮಾತನ್ನೂ ಆಡದೆ ಕುಳಿತಿದ್ದ ಅವರ ಪತ್ನಿ, “ಅದರಲ್ಲೇನಿದೆ ಬಿಡಿ. ಇಷ್ಟು ವರ್ಷ ನಾನು ತಲೆಯಾಡಿಸಿದ್ದನ್ನೂ ನೀವು ಹಾಗೇ ತಿಳ್ಕೊಂಡಿದ್ರಲ್ಲ” ಎಂದರು. ಕೊರಳಪಟ್ಟಿ ಚೀಲಕ್ಕೆ ಮರಳಿತು. ಬಾಗಿಲಿನಲ್ಲಿ ಚಪ್ಪಲಿ ಮೆಟ್ಟುತ್ತ ಅವರು “ಯೋಚನೆ ಮಾಡಿ ತಿಳಿಸ್ತೀವಿ, ಸರಿ ತಾನೇ?” ಎಂದಾಗ, ಅಭ್ಯಾಸಬಲದಿಂದ ನಾವು ಮೂವರೂ ತಲೆಯಾಡಿಸಿದೆವು.

ಈ ಪ್ರಸಂಗ ಕೇಳಿ ನಕ್ಕ ಗೆಳತಿಯೊಬ್ಬಳು, ನಿನ್ನ ಪ್ರಕಟಣೆಯಲ್ಲಿ ರಸವೇ ಇಲ್ಲ, ನಾನು ಬರೆದುಕೊಡುತ್ತೇನೆ ಎಂದಳು. ಬರೆದೂ ಕೊಟ್ಟಳು. ಅದರಲ್ಲಿ ಗುಂಡ ಕಂಬನಿ ತುಂಬಿದ ಕಣ್ಣುಗಳಿಂದ ಬಾಗಿಲನ್ನು ನೋಡುತ್ತ ‘ನನ್ನದೇನು ತಪ್ಪು?’ ಎಂದು ಕೇಳುತ್ತಿದ್ದ. ಓದಿ ನನಗೇ ಗಂಟಲು ಕಟ್ಟಿತು, ಆದರೆ ಅದರಲ್ಲಿ ಇದ್ದದ್ದು ನಮ್ಮ ಮನೆಯ ನಾಯಿಯಲ್ಲ. ಗುಂಡ ಬಾಗಿಲನ್ನು ನೋಡುವುದು ಹಾಲಿನವನು ಬರುವ ಹೊತ್ತಿಗೆ ಮಾತ್ರ, ಕಂಬನಿಗೂ ಅದಕ್ಕೂ ಸಂಬಂಧವಿಲ್ಲ. ತನಗೆ ಏನೋ ಕೊರತೆಯಿದೆ ಎಂಬ ಸುದ್ದಿ ಅವನಿಗೆ ಇನ್ನೂ ಮುಟ್ಟಿಯೇ ಇಲ್ಲ. ಜಗತ್ತಿನ ತಲೆಗಳೆಲ್ಲ ಆಡುವುದೇ ಸಹಜ, ನಮ್ಮವೇ ಯಾಕೋ ಕಟ್ಟಿಕೊಂಡು ನಿಂತಿವೆ ಎಂದು ಅವನು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆ ಕಣ್ಣೀರಿನ ಪ್ರಕಟಣೆಯನ್ನು ಹಂಚಿದ್ದರೆ ಕರೆಗಳೇನೋ ರಾಶಿ ಬರುತ್ತಿದ್ದವು. ಆದರೆ ಸಂಕಟವನ್ನು ನೋಡಿ ಬಂದವರಿಗೆ ಅದು ಮನೆಯಲ್ಲಿ ದಿನವೂ ಕಾಣಬೇಕು. ಕಾಣದೆ, ಅದರ ಬದಲು ಕಾಲುಚೀಲ ಕದಿಯುವ, ಪೊರಕೆಯೊಡನೆ ಕಾದಾಡುವ, ಅನ್ನದ ತಟ್ಟೆಯನ್ನು ಮೂಗಿನಿಂದ ಮನೆಯಿಡೀ ತಳ್ಳಾಡುವ ಒಬ್ಬ ಸಾಮಾನ್ಯ ಪುಂಡ ಸಿಕ್ಕಾಗ, ಮೋಸಹೋದೆವು ಎಂದು ಅವರು ಅವನನ್ನು ವಾಪಸು ತಂದುಬಿಡುತ್ತಾರೆ. ಹಾಗೆ ವಾಪಸು ಬಂದ ಬೇರೆ ನಾಯಿಗಳನ್ನು ನಾನು ನೋಡಿದ್ದೇನೆ. ಅವು ಬಂದ ಮೇಲೆ ಕೆಲವು ದಿನ ತಟ್ಟೆಯ ಬಳಿ ಹೋಗುವುದಿಲ್ಲ. ಆ ವಿಷಯದಲ್ಲಿ ಹಾಸ್ಯ ಮಾಡಲು ನನಗೆ ಬರುವುದಿಲ್ಲ.

ರಾತ್ರಿ ಅವನು ಮಲಗಿದಾಗ ಕೊರಳಪಟ್ಟಿಯ ಬಿಲ್ಲೆ ನೆಲಕ್ಕೆ ತಾಗಿ ಟಕ್, ಟಕ್ ಎನ್ನುತ್ತದೆ. ಮೊದಮೊದಲು ಆ ಸದ್ದಿಗೆ ನಿದ್ದೆ ಬರುತ್ತಿರಲಿಲ್ಲ, ಈಗ ಅದು ನಿಂತರೆ ಎಚ್ಚರವಾಗುತ್ತದೆ. ಮನೆ ಸಿಗಬೇಕು ಎಂದು ಹಗಲೆಲ್ಲ ಒದ್ದಾಡುವ ನಾನೇ, ಯಾರಾದರೂ ನಿಜವಾಗಿ ವಿಚಾರಿಸಿದರೆ ತನಿಖಾಧಿಕಾರಿಯಂತೆ ಅಡ್ಡಪ್ರಶ್ನೆ ಹಾಕತೊಡಗುತ್ತೇನೆ: ಗೇಟಿನ ಸರಳುಗಳ ನಡುವೆ ಅಂತರವೆಷ್ಟು, ಮೆಟ್ಟಿಲು ಕಡಿದಾಗಿದೆಯೇ, ನೀವು ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ, ನಿಮ್ಮ ಮನೆಯಲ್ಲಿ ಜೋರಾಗಿ ಮಾತನಾಡುವವರು ಯಾರು? ಈಗಾಗಲೇ ಇರುವ ನಾಯಿಗಳ ನಡುವೆ ಅವನನ್ನೂ ಇಟ್ಟುಕೊಳ್ಳಲು ನಮ್ಮ ಮನೆಯಲ್ಲಿ ಜಾಗವಿಲ್ಲ. ಅವನೊಬ್ಬ ಉಳಿದುಬಿಟ್ಟರೆ ರಸ್ತೆಬದಿಯಿಂದ ಮುಂದೆ ಬರುವವನಿಗೆ ಮೂಲೆ ಎಲ್ಲಿಂದ ತರುವುದು? ಈ ಲೆಕ್ಕ ಹಗಲಿನಲ್ಲಿ ಸರಿಯಾಗಿ ಕೂಡುತ್ತದೆ, ರಾತ್ರಿ ಮಾತ್ರ ಸ್ವಲ್ಪ ತಪ್ಪುತ್ತದೆ.

ಇವತ್ತು ಮಧ್ಯಾಹ್ನ ಇನ್ನೊಂದು ಕರೆ ಬಂತು. ಹೆಂಗಸಿನ ದನಿ, ಅಯ್ಯೋ ಎನ್ನಲಿಲ್ಲ, ಮಳೆ ಬೆಳೆಗಳ ಪ್ರಸ್ತಾಪವೂ ಇಲ್ಲ. “ನಮ್ಮ ನೆಲ ತುಂಬ ನುಣುಪು, ತಲೆ ಆಡುವಾಗ ಅವನಿಗೆ ಮುಂಗಾಲು ಜಾರುತ್ತಾ?” ಎಂದು ಕೇಳಿದರು. ಇಷ್ಟು ದಿನಗಳಲ್ಲಿ ಬಂದ ಪ್ರಶ್ನೆಗಳಲ್ಲಿ ಉತ್ತರವಿದ್ದ ಮೊದಲ ಪ್ರಶ್ನೆ ಇದಾದ್ದರಿಂದ ನನಗೆ ಗಳಿಗೆಹೊತ್ತು ಮಾತೇ ಹೊರಡಲಿಲ್ಲ. ಜಾರುತ್ತದೆ, ಓಡಾಡುವ ದಾರಿಯಲ್ಲಿ ರಬ್ಬರಿನ ಚಾಪೆ ಹಾಸಿದರೆ ಸಾಕು, ನೀರಿನ ಬಟ್ಟಲು ಅಗಲವಾಗಿ, ಭಾರವಾಗಿ ಇರಬೇಕು, ಇಲ್ಲದಿದ್ದರೆ ಅರ್ಧ ನೀರು ಅವನ ಕಿವಿಗೆ ಹೋಗುತ್ತದೆ ಎಂದೆ. ಬರೆದುಕೊಂಡರು. ಕಾಲುಚೀಲಗಳ ವಿಷಯವನ್ನೂ ಪೊರಕೆಯ ವಿಷಯವನ್ನೂ ನಾನಾಗಿಯೇ ಹೇಳಿದೆ, ಅವನ್ನೂ ಬರೆದುಕೊಂಡರು. ಮನೆಯಲ್ಲಿ ಒಂದು ಮುದಿ ಬೆಕ್ಕಿದೆ, ಅದಕ್ಕೆ ಇವನಿಂದ ಏನಾದರೂ ತಗಲಬಹುದೇ ಎಂದು ಕೇಳಿದರು. ಬೆಕ್ಕುಗಳ ಡಿಸ್ಟೆಂಪರ್ ಎಂದು ಕರೆಯುವುದು ಬೇರೆಯೇ ಒಂದು ಪಾರ್ವೊ ವೈರಾಣುವಿನ ರೋಗ, ಇವನದಕ್ಕೂ ಅದಕ್ಕೂ ನೆಂಟಸ್ತನವಿಲ್ಲ, ಬೆಕ್ಕಿನಿಂದ ಇವನಿಗೆ ಪರಚುಗಾಯ ಆಗಬಹುದು ಅಷ್ಟೆ ಎಂದೆ. “ಅದು ಆಗೇ ಆಗುತ್ತೆ” ಎಂದು ಅವರು ನಕ್ಕರು.

ನಾಳೆ ಸಂಜೆ ನೋಡಲು ಬರುತ್ತಾರಂತೆ. ಒಪ್ಪಿಗೆಯಾದರೆ ಮೊದಲು ಕೆಲವು ವಾರ ಇಟ್ಟುಕೊಂಡು ನೋಡುತ್ತಾರೆ, ಆಮೇಲೆ ಕಾಗದಪತ್ರ. ಬರುವಾಗ ಲಸಿಕೆಯ ಪುಸ್ತಕ ನೋಡಬೇಕು ಎಂದಿದ್ದಾರೆ, ಕೇಳಬೇಕಾದ್ದೇ. ಹುಡುಕಿದಾಗ ಅದು ಗುಂಡನ ಹಾಸಿಗೆಯ ಅಡಿಯಲ್ಲಿ ಸಿಕ್ಕಿತು. ರಕ್ಷಾಪುಟ, ಅವನ ವಯಸ್ಸು, ನನ್ನ ವಿಳಾಸ ಇಷ್ಟನ್ನೂ ಆ ಅಜ್ಜನ ಹಲ್ಲುಗಳಿಂದಲೇ ಅಗಿದು ಮುಗಿಸಿದ್ದಾನೆ. ರೇಬೀಸ್ ಲಸಿಕೆಯ ಪುಟ ಮಾತ್ರ ಪೂರ್ತಿ ಉಳಿದಿದೆ, ದಿನಾಂಕವನ್ನೂ ಓದಬಹುದು. ಅಷ್ಟು ತೋರಿಸಿ, ಉಳಿದ ಪುಟಗಳು ಎಲ್ಲಿ ಎಂದು ಕೇಳಿದರೆ ಅವನನ್ನೇ ತೋರಿಸುತ್ತೇನೆ.