ಕುತ್ತಿಗೆಯೊಳಗಿನ ಸಿಂಬೆ

ಮಲೆನಾಡಿನಲ್ಲಿ ಸೊಪ್ಪಿನ ಬೆಟ್ಟದಿಂದ ಹೊರೆ ಹೊತ್ತು ಇಳಿಯುವ ಹೆಂಗಸರನ್ನು ನೋಡಿ. ಜಾರುವ ದಾರಿ, ಕಾಲಿಗೆ ಉಂಬಳ, ತಲೆ ಮೇಲೆ ಮುಖ ಮುಚ್ಚುವಷ್ಟು ಹಸಿ ಸೊಪ್ಪು. ಆದರೂ ಹೊರೆಗೆ ಕೈ ಕೊಡುವುದಿಲ್ಲ. ಒಂದು ಕೈಲಿ ಕತ್ತಿ, ಇನ್ನೊಂದರಲ್ಲಿ ಸೀರೆ ನೆರಿಗೆ. ಗುಟ್ಟೆಲ್ಲ ಸಿಂಬೆಯದು. ಹಳೇ ಪಂಚೆ ತುಂಡನ್ನು ತಿರುಚಿ ಸುತ್ತಿದ್ದು, ಅಷ್ಟೇ. ನಡುವೆ ಖಾಲಿ.

ಇಂಥದ್ದೇ ಒಂದು ಸಿಂಬೆ ನಮ್ಮೆಲ್ಲರ ಕುತ್ತಿಗೆಯಲ್ಲೂ ಇದೆ. ಅಲ್ಲಿನ 7 ಎಲುಬುಗಳಲ್ಲಿ ತೀರಾ ಮೇಲಿನದು. ಉಳಿದವಕ್ಕೆ ಮುಂದುಗಡೆ ಗಟ್ಟಿ ತುಂಡೊಂದು ಇರುತ್ತದೆ. ಇದಕ್ಕೆ ಅದೇ ಇಲ್ಲ, ಬರೀ ಉಂಗುರ. ನಾಲ್ಕೈದು ಕೆ.ಜಿ. ತೂಗುವ ತಲೆ ಅದರ ಮೇಲೆ ಆರಾಮಾಗಿ ಕೂತಿದೆ. ಡಾಕ್ಟರುಗಳು ಇದನ್ನು ಅಟ್ಲಾಸ್ ಅನ್ನುತ್ತಾರೆ.

ಅಟ್ಲಾಸ್ ಗ್ರೀಕ್ ಪುರಾಣದವನು. ದೇವತೆಗಳ ಜೊತೆ ಕಾದಾಡಿ ಸೋತ ಬಣದವನು. ಆಕಾಶ ಹೊತ್ತು ನಿಂತಿರು ಅಂತ ದೇವತೆಗಳ ರಾಜ ಜ್ಯೂಸ್ ಶಿಕ್ಷೆ ಕೊಟ್ಟ. ಭೂಮಿಯಲ್ಲ, ಆಕಾಶ. ಭೂಮಿಯ ಡಿಪಾರ್ಟ್‌ಮೆಂಟು ನಮ್ಮ ಆದಿಶೇಷನದ್ದು. ಇಟಲಿಯ ನೇಪಲ್ಸ್ ಮ್ಯೂಸಿಯಮ್ಮಿನಲ್ಲಿ ಅವನ ಹಳೇ ಅಮೃತಶಿಲೆಯ ಮೂರ್ತಿ ಇದೆ. ಹೊತ್ತ ಗೋಳದ ಮೇಲೆ ನಕ್ಷತ್ರಪುಂಜಗಳನ್ನು ಕೆತ್ತಿದ್ದಾರೆ. ಫೋಟೋ ನೋಡಿದರೆ ಪಾಪ ಅನ್ನಿಸುತ್ತದೆ. ಮಂಡಿ ಮಡಚಿದೆ, ಕತ್ತು ಓರೆಯಾಗಿದೆ, ಭಾರವೆಲ್ಲ ಹೆಗಲ ಮೇಲೆ. ತಲೆ ಮೇಲೆ ಹೊತ್ತೇ ಇಲ್ಲ! ತೀರ್ಥಹಳ್ಳಿ ಕಡೆಯ ಅಜ್ಜಿ ಯಾರಾದರೂ ನೋಡಿದ್ದರೆ, "ಸಿಂಬೆ ಇಲ್ದೆ ಹೊರೆ ಎತ್ತಿದ್ರೆ ಇನ್ನೇನಾಗ್ತದೆ ಮಾರಾಯಾ" ಅಂತ ಬೈದಿರುತ್ತಿದ್ದಳು. ಹೆಗಲಲ್ಲಿ ಹೊತ್ತವನ ಹೆಸರನ್ನು ತಲೆ ಹೊರುವ ಎಲುಬಿಗೆ ಇಟ್ಟಿದ್ದಾರೆ. ಸಿಂಬೆಮೂಳೆ ಅಂದಿದ್ದರೆ ನಮ್ಮವರಿಗೆ ಪುರಾಣ ಹೇಳುವ ಕೆಲಸವೇ ಇರುತ್ತಿರಲಿಲ್ಲ, ಅಲ್ವಾ?

ಅಂದ ಹಾಗೆ, ಅಟ್ಲಾಸಿಗೆ ಇಲ್ಲದ ಆ ತುಂಡು ಎಲ್ಲಿಗೂ ಹೋಗಿಲ್ಲ. ಪಕ್ಕದ ತೋಟದವರು ಬೇಲಿ ಸರಿಸಿಕೊಂಡ ಹಾಗೆ ಕೆಳಗಿನ ಎಲುಬು ಅದನ್ನು ತನ್ನದು ಮಾಡಿಕೊಂಡಿದೆ. ಅದೀಗ ಗೂಟವಾಗಿ ಉಂಗುರದೊಳಗೆ ನಿಂತಿದೆ. ನಾವು "ಉಹೂಂ" ಅಂತ ತಲೆ ತಿರುಗಿಸುವುದು ಹೆಚ್ಚಾಗಿ ಈ ಗೂಟದ ಸುತ್ತ. "ಹೂಂ" ಅಂತ ಗೋಣು ಹಾಕುವಾಗ ತಲೆಬುರುಡೆ ಉಂಗುರದ ಮೇಲೇ ಮುಂದಕ್ಕೆ ಹಿಂದಕ್ಕೆ ಬಾಗುತ್ತದೆ.

ನಮ್ಮಲ್ಲಿ ಮೂರನೆಯದೂ ಒಂದಿದೆ. ಅಡಿಕೆ ಮಾರಿದ ದುಡ್ಡು ಬಂತಂತೆ, ಸ್ವಲ್ಪ ಕೈಸಾಲ ಸಿಗಬಹುದಾ ಅಂತ ನೆಂಟರು ಕೇಳಿದಾಗ ತಲೆಯನ್ನು ಆ ಭುಜಕ್ಕೂ ಈ ಭುಜಕ್ಕೂ ಸುಮ್ನೆ ಓಲಾಡಿಸುವುದು. ಅದು ಅಟ್ಲಾಸ್ ಒಬ್ಬನಿಂದ ಆಗುವ ಕೆಲಸ ಅಲ್ಲ. ಕೆಳಗಿನ ಎಲುಬುಗಳೇ ಜಾಸ್ತಿ ದುಡಿಯಬೇಕು.